ಅವಾಂ-ಗಾರ್ಡ್ ಮೆಟಲ್ ಅಂದ್ರೆ ಎಂತ ಮಾರ್ರೆ?

ಮೆಟಲ್, ಅಂದ್ರೆ ಗಿಟಾರ್ ಅಬ್ಬರದ ಹೆವಿ ಮೆಟಲ್ ಸಂಗೀತ, ಕೇಳುವವರ ಬಾಯಲ್ಲಿ "ಇದು ಅವಾಂ-ಗಾರ್ಡ್" ಅನ್ನುವ ಮಾತು ಆಗಾಗ ಬರ್ತದೆ, ಮುಕ್ಕಾಲು ಪಾಲು ಸಲ ಅದರ ಅರ್ಥ "ನಂಗೆ ತಲೆಬುಡ ಗೊತ್ತಾಗ್ಲಿಲ್ಲ, ಆದ್ರೆ ಚೆಂದ ಇಲ್ಲ ಅಂತ ಹೇಳ್ಲಿಕ್ಕೆ ಧೈರ್ಯ ಸಾಲುದಿಲ್ಲ" ಅಂತ. ಪದ ಫ್ರೆಂಚಿನದ್ದು, ದಂಡಿನ ಮುಂದೆ ಹೋಗುವ ತುಕಡಿಗೆ ಹಾಗೆ ಹೇಳ್ತಿದ್ರು, ಆಮೇಲೆ ಕಲೆಯವರು ಎತ್ಕೊಂಡ್ರು, ಅಷ್ಟು ಗೊತ್ತಿದ್ರೆ ಸಾಕು. ಮೆಟಲ್ ಕೇಳುವವ ಯಾವುದು ಬಂದೇ ಬರ್ತದೆ ಅಂತ ಕಾದು ಕೂತಿರ್ತಾನಲ್ಲ, ರಿಫ್ಫೋ (ಗಿಟಾರಿನಲ್ಲಿ ತಿರುತಿರುಗಿ ಬರುವ ತುಣುಕು) ಡ್ರಮ್ಸೋ ಕಿರುಚುವ ಗಂಟಲೋ, ಅದರಲ್ಲಿ ಒಂದನ್ನು ಬೇಕಂತಲೇ ಕಿತ್ತು ಬಿಸಾಡುದು, ಇಲ್ಲಾ ಅಲ್ಲಿಗೆ ಸೇರದ್ದನ್ನು ತಂದು ಕೂರಿಸುದು, ಇದು ಅವಾಂ-ಗಾರ್ಡ್.

1987ರಲ್ಲಿ ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ಬ್ಯಾಂಡಿನವರು 'ಇನ್‌ಟು ದ ಪ್ಯಾಂಡೆಮೋನಿಯಂ' ಅಂತ ಆಲ್ಬಂ ಬಿಟ್ರು. ಆಗ ಅವರಿಗೆ ಇದ್ದ ಹೆಸರು ಕಚ್ಚಾ, ಕತ್ತಲೆ ಮೆಟಲ್‌ನದ್ದು. ಫ್ಯಾನ್ಸ್ ಅದನ್ನೇ ಕಾಯ್ತಿದ್ರೆ ಇವರು ಶುರುವಿಗೇ ಬೇರೆಯವರ ಒಂದು ನ್ಯೂ ವೇವ್ (ಪಾಪ್ ಕಡೆಗೆ ವಾಲಿದ ರಾಕ್) ಹಾಡನ್ನು ತಮ್ಮ ದಾಟಿಯಲ್ಲಿ ಹಾಡಿ ಹಾಕಿದ್ರು, ಮುಂದೆ ಹೋದ್ರೆ ಡ್ರಮ್ ಮಶೀನ್ ಮೇಲೆ ಅಮೆರಿಕದ ಅಪೋಲೋ ಚಂದ್ರಯಾನದ ರೇಡಿಯೋ ಮಾತುಗಳ ತುಂಡು, ಮತ್ತೊಂದು ಕಡೆ ಹೆಂಗಸಿನ ದನಿ, ಪಿಟೀಲು. ಈಗ ಕೇಳಿದ್ರೆ ಕೆಲವು ಜಾಗ ಸ್ವಲ್ಪ ಎಡವಟ್ಟಾಗಿಯೇ ಉಂಟು, ಸುಳ್ಳು ಹೇಳುದಿಲ್ಲ. ಆದ್ರೆ ಬಾಗಿಲು ತೆಗೆದದ್ದು ಅದೇ.

ಪ್ರೋಗ್ರೆಸಿವ್ ಮೆಟಲ್ ಬೇರೆ. ಅವರು ಆಟದ ನಿಯಮ ಒಪ್ಪಿಯೇ ಕಷ್ಟದ ಆಟ ಆಡುವವರು. ಎರಡಕ್ಕೂ ಗಡಿಯಲ್ಲಿ ನಿಂತವರು ಸ್ವೀಡನ್ನಿನ ಮೆಶುಗ್ಗಾ. ನಮಗೆ ತಾಳ ಗೊತ್ತಿರುದ್ರಿಂದ ಇದು ಸುಲಭ: ಬಲಗೈಯಲ್ಲಿ ನಾಲ್ಕರ ಲೆಕ್ಕ ಹಾಕಿ, ಬಾಯಲ್ಲಿ "ತಕ ತಕಿಟ" ಅಂತ ಐದರದ್ದು ಹೇಳ್ತಾ ಹೋಗಿ, ಪ್ರತಿ ಸುತ್ತಿಗೂ ಬಾಯಿ ಒಂದೊಂದು ಅಕ್ಷರ ಜಾರ್ತದೆ, ಇಪ್ಪತ್ತನೇ ಅಕ್ಷರ ಮುಗಿದ ಮೇಲೆ ಮಾತ್ರ ಎರಡೂ ಒಟ್ಟಿಗೆ ಸಮಕ್ಕೆ ಬರ್ತವೆ. ಮೆಶುಗ್ಗಾದಲ್ಲಿ ಡ್ರಮ್ಮರ್‌ನ ಕೈ ಸಿಂಬಲ್ ಮೇಲೆ ನಾಲ್ಕರ ಲೆಕ್ಕ ಹಿಡಿದ್ರೆ ಕಾಲು ಮತ್ತು ಗಿಟಾರ್ ಬೇರೆ ಲೆಕ್ಕ, ಅದೂ ಎಷ್ಟೋ ಸಲ ಐದು ಏಳು ಅಲ್ಲ, ಹದಿನೇಳು ಇಪ್ಪತ್ತಮೂರು ಅಂಥ ಹಠದ ಸಂಖ್ಯೆ, ಕೊನೆಗೆ ಚೌಕಟ್ಟು ಮುಗಿಯುವಾಗ ಉಳಿದ ತುಂಡನ್ನು ಕತ್ತರಿಸಿ ಸಮಕ್ಕೆ ತಂದು ನಿಲ್ಲಿಸುದು. ಲೆಕ್ಕ ಪಕ್ಕಾ ಉಂಟು, ಹಾಗಾಗಿ ನಾನು ಇವರನ್ನು ಅವಾಂ-ಗಾರ್ಡ್ ಅನ್ನುದಿಲ್ಲ, ಜಗಳಕ್ಕೆ ಬರುವವರು ಬರ್ಲಿ.

ಕೆನಡಾದ ಗೊರ್ಗಟ್ಸ್‌ನ 1998ರ 'ಆಬ್ಸ್‌ಕ್ಯುರಾ' ಮಾತ್ರ ಅನುಮಾನವೇ ಬೇಡ. ಡೆತ್ ಮೆಟಲ್ (ಗಂಟಲು ಗುರುಗುಟ್ಟುವ ಒರಟು ಮೆಟಲ್) ವಾದ್ಯಗಳೇ, ಆದ್ರೆ ಗಿಟಾರ್ ತಂತಿ ಕೆರೆಯುದು, ಕೀರಲು ಸ್ವರ, ಅದೇ ರಿಫ್. ಮುಂಬೈ ಹತ್ತಿರ ಡೊಂಬಿವಲಿಯ ಮನೆಯಲ್ಲಿ ಸ್ಪೀಕರ್‌ಗೆ ಹಾಕಿದ್ದಕ್ಕೆ ನನ್ನ ಚಿಕ್ಕಮ್ಮನ ಮಗ "ಇದೆಂತ ಅಣ್ಣ, ಮಿಕ್ಸಿಗೆ ಚಮಚ ಬಿದ್ದ ಹಾಗೆ ಉಂಟಲ್ಲ" ಅಂದ, ಅದಕ್ಕಿಂತ ಒಳ್ಳೆ ರಿವ್ಯೂ ನಾನು ಓದಿಲ್ಲ. ಅಮೆರಿಕದ ಸನ್ (Sunn) ಅನ್ನುವ ಬ್ಯಾಂಡಿನವರು ಇನ್ನೂ ಮುಂದೆ ಹೋಗಿ ಹೆಚ್ಚಿನ ಕಡೆ ಡ್ರಮ್ಸನ್ನೇ ತೆಗೆದು, ಗಿಟಾರಿನ ಒಂದೇ ಮಂದ್ರ ಸ್ವರವನ್ನು ನಿಮಿಷಗಟ್ಲೆ ಎಳೀತಾರೆ.

ಮತ್ತೊಂದು ಬಗೆ, ಬೇರೆ ಬೇರೆ ಸಂಗೀತ ಬೆರಕೆ ಮಾಡುವವರದ್ದು. ಮಿಸ್ಟರ್ ಬಂಗಲ್‌ನ 1991ರ ಆಲ್ಬಂನಲ್ಲಿ ಸರ್ಕಸ್ ಸಂಗೀತ, ಫಂಕ್, ಸ್ಕಾ, ಮೆಟಲ್ ಎಲ್ಲ ಒಂದೇ ಹಾಡಲ್ಲಿ ಮುಖಾಮುಖಿ, ಪ್ರೊಡ್ಯೂಸರ್ ಪ್ರಯೋಗಕ್ಕೇ ಹೆಸರಾದ ಸ್ಯಾಕ್ಸೋಫೋನ್ ವಾದಕ ಜಾನ್ ಜೋರ್ನ್. ಜಪಾನಿನ ಸೈ (Sigh) ಬ್ಯಾಂಡಿನವರು ಚೀರು ದನಿಯ, ಕತ್ತಲೆ ಕವಿದ ಬ್ಲ್ಯಾಕ್ ಮೆಟಲ್‌ನಿಂದ ಹೊರಟು 2001ರ 'ಇಮ್ಯಾಜಿನರಿ ಸೋನಿಕ್‌ಸ್ಕೇಪ್' ಹೊತ್ತಿಗೆ ಹಳೇ ಸಿಂಥಸೈಜರ್‌ಗಳ ಹಬ್ಬ ಮಾಡಿದ್ರು.

ಇಲ್ಲೇ ನಮ್ಮ ಮುಂಬೈ ಹುಡುಗರ ಜೊತೆ ಚರ್ಚೆ ಹತ್ತಿಕೊಳ್ಳುದು. 1986ರಿಂದ ಐ-ರಾಕ್ ಅನ್ನುವ ರಾಕ್ ಸಂಗೀತದ ಉತ್ಸವ ನಡೆದ ಊರು ಇದು, ಅದು ನಡೀತಿದ್ದ ಬಯಲು ರಂಗಮಂದಿರ ರಂಗ ಭವನದ ಕಥೆ ಹೇಳುವ ಹಿರಿಯರು ಈಗಲೂ ಸಿಗ್ತಾರೆ, ಡೆಮಾನಿಕ್ ರೆಸರೆಕ್ಷನ್, ಭಯಾನಕ್ ಮೌತ್ ಬ್ಯಾಂಡಿನವರೆಲ್ಲ ಇಲ್ಲಿಯವರೇ. ಡೆಮಾನಿಕ್ ರೆಸರೆಕ್ಷನ್ 2017ರಲ್ಲಿ 'ದಶಾವತಾರ್' ಮಾಡಿ ಒಂದೊಂದು ಅವತಾರಕ್ಕೆ ಒಂದೊಂದು ಹಾಡು ಕಟ್ಟಿದ್ರು, ನಂಗೆ ಇಷ್ಟ. ಆದ್ರೆ ಪುರಾಣ ಬಂತು, ದೇಸಿ ವಾದ್ಯ ಬಂತು ಅಂದ ಮಾತ್ರಕ್ಕೆ ಯಾವುದೂ ಅವಾಂ-ಗಾರ್ಡ್ ಆಗುದಿಲ್ಲ, ಕೆಳಗೆ ಹಾಡಿನ ಕಟ್ಟು ಹಾಗೇ ಇದ್ರೆ ಅದು ಒಳ್ಳೆ ಮೆಟಲ್, ಅಷ್ಟೇ. ತಬಲಾ ಕಂಡ ಕೂಡ್ಲೇ "ಎಕ್ಸ್‌ಪೆರಿಮೆಂಟಲ್" ಅಂತ ಚೀಟಿ ಅಂಟಿಸುದು ಸೋಮಾರಿತನ.

ಕೇಳ್ಲಿಕ್ಕೆ ಶುರು ಮಾಡುವವರಿಗೆ ಒಂದು ಮಾತು, ಸನ್ ಬ್ಯಾಂಡನ್ನು ಲೋಕಲ್ ಟ್ರೈನ್‌ನಲ್ಲಿ ಕೇಳ್ಬೇಡಿ, ಆ ಮಂದ್ರ ಪೂರಾ ಗಾಡಿಯ ಗಡಗಡಕ್ಕೆ ಮುಳುಗಿ ಹೋಗ್ತದೆ. ಲೋಕಲ್‌ಗೆ ಮಿಸ್ಟರ್ ಬಂಗಲ್ ಸರಿ. ರಾತ್ರಿ ಮನೆಯಲ್ಲಿ ಪುರ್ಸೊತ್ತಿದ್ರೆ ನಾರ್ವೆಯ ಉಲ್ವರ್‌ನ 1995ರ 'ಬೆರ್ಗ್‌ಟಾಟ್', ಅದು ಮುಗಿದ ಕೂಡ್ಲೇ 2000ದ 'ಪರ್ಡಿಶನ್ ಸಿಟಿ' ಹಾಕಿ. ಮೊದಲನೆಯದು ಕಾಡಿನ ಜಾನಪದ ಬೆರೆತ ಬ್ಲ್ಯಾಕ್ ಮೆಟಲ್, ಎರಡನೆಯದರಲ್ಲಿ ಎಲೆಕ್ಟ್ರಾನಿಕ್ ಬೀಟು, ಸ್ಯಾಕ್ಸೋಫೋನು. ಬ್ಯಾಂಡ್ ಒಂದೇ, ನಡುವೆ ಐದೇ ವರ್ಷ. ಎರಡನೆಯದು ಮೆಟಲ್ಲೋ ಅಲ್ವೋ ಅಂತ ಕೇಳಿದ್ರೆ, ನನ್ನ ಲೆಕ್ಕದಲ್ಲಿ ಅಲ್ಲ, ಆದ್ರೂ ನನ್ನ ಮೆಟಲ್ ಫೋಲ್ಡರ್‌ನಲ್ಲೇ ಉಂಟು.