ಕಾಂಟ್ಯಾಕ್ಟ್ ರಚನೆಯ ಲೆಕ್ಕ: ಸೊನ್ನೆ ಬಂದರೆ ಏನರ್ಥ?

ಮೂರು ಆಯಾಮದ ಮ್ಯಾನಿಫೋಲ್ಡ್‌ನ (ಹತ್ತಿರದಿಂದ ನೋಡಿದರೆ ನಮ್ಮ ಸಾಮಾನ್ಯ ಜಾಗದಂತೆಯೇ ಕಾಣುವ ಆಕಾರದ) ಪ್ರತಿ ಬಿಂದುವಿನಲ್ಲೂ ಒಂದೊಂದು ಸಮತಲ ಇಡಿ. ಅವು ಎಲ್ಲ ಕಡೆ ತಿರುಚಿಕೊಂಡೇ ಇರಬೇಕು. ಯಾವ ಮೇಲ್ಮೈಯ ಚಿಕ್ಕ ತುಂಡಿಗೂ ಅವುಗಳ ಜೊತೆ ಪೂರ್ತಿ ಹೊಂದಿ ಕೂರಲು ಆಗಬಾರದು. ಇದು ಕಾಂಟ್ಯಾಕ್ಟ್ ರಚನೆ. ಅಂಚಿಲ್ಲದ ಸಾಂತ ಮ್ಯಾನಿಫೋಲ್ಡ್‌ಗಳಿಗೆ ದಿಕ್ಕು ಕೊಡಲು ಬಂದರೆ ಸಾಕು, ಇಂಥದ್ದೊಂದು ಇದ್ದೇ ಇರುತ್ತದೆ ಎಂದು 1971ರಲ್ಲಿ ಮಾರ್ಟಿನೆ ತೋರಿಸಿದರು.

ಇಂಥ ರಚನೆಗಳನ್ನು ಒಂದರಿಂದ ಒಂದು ಬೇರ್ಪಡಿಸುವುದೇ ತಲೆನೋವು. 1989ರಲ್ಲಿ ಎಲಿಯಾಶ್‌ಬರ್ಗ್ ಅದರಲ್ಲಿ ಅರ್ಧ ಕಳೆದರು. ಅಂಚಿನುದ್ದಕ್ಕೂ ಸಮತಲಗಳಿಗೆ ತಾಗಿ ಕೂರುವ ಡಿಸ್ಕ್ ಒಳಗೆಲ್ಲಾದರೂ ಸಿಕ್ಕರೆ ರಚನೆ ‘ಓವರ್‌ಟ್ವಿಸ್ಟೆಡ್’. ಓವರ್‌ಟ್ವಿಸ್ಟೆಡ್ ರಚನೆಗಳನ್ನು ಬೇರ್ಪಡಿಸಲು ಹೋಮೊಟೊಪಿ (ಸಮತಲಗಳನ್ನು ಮುರಿಯದೆ ಒಂದು ಜೋಡಣೆಯಿಂದ ಇನ್ನೊಂದಕ್ಕೆ ಸರಿಸಬಹುದೇ ಎಂಬ ಪ್ರಶ್ನೆ) ಸಾಕು. ಡಿಸ್ಕ್ ಸಿಗದಿದ್ದರೆ ‘ಟೈಟ್’. ಆದರೆ ಸಿಗಲಿಲ್ಲ ಅನ್ನೋದಕ್ಕೂ ಇಲ್ಲವೇ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಇನ್ವೇರಿಯಂಟ್, ಅಂದರೆ ರಚನೆಯನ್ನು ಹೇಗೆ ಎಳೆದಾಡಿದರೂ ಬದಲಾಗದ ಗುರುತು, ಬೇಕಾದದ್ದು ಅಲ್ಲಿ.

2002ರಲ್ಲಿ ಓಜ್ವಾತ್ ಮತ್ತು ಸಾಬೊ, ಹೀಗಾರ್ಡ್ ಫ್ಲೋರ್ ಹೋಮಾಲಜಿಯ (ಮ್ಯಾನಿಫೋಲ್ಡ್‌ನ ಒಂದು ಚಿತ್ರದಿಂದ ಕಟ್ಟುವ ಬೀಜಗಣಿತದ ವಸ್ತುವಿನ) ಒಳಗೆ ಪ್ರತಿ ಕಾಂಟ್ಯಾಕ್ಟ್ ರಚನೆಗೂ ಒಂದು ಅಂಶ ಗುರುತಿಸಿದರು. ಓವರ್‌ಟ್ವಿಸ್ಟೆಡ್ ಆದರೆ ಅದು ಸೊನ್ನೆ. ಸೊನ್ನೆ ಅಲ್ಲದಿದ್ದರೆ ರಚನೆ ಟೈಟ್. ಲೆಕ್ಕ ಹಾಕೋದು ಹೇಗೆ? ಇದಕ್ಕೆ ಹೊಂಡ, ಕಾಜೆಜ್, ಮಾಟಿಚ್ ಕೊಟ್ಟ ದಾರಿ ತುಂಬಾ ಚೆಂದ. ಜಿರೂ ತೋರಿಸಿದಂತೆ ಪ್ರತಿ ರಚನೆಗೂ ಒಂದು ಓಪನ್ ಬುಕ್ ಇದೆ: ಒಂದೇ ಅಂಚಿನ ಸುತ್ತ ಪುಟಗಳಂತೆ ಮ್ಯಾನಿಫೋಲ್ಡನ್ನು ತುಂಬುವ ಮೇಲ್ಮೈಗಳು. ಅದರ ಒಂದು ಪುಟವನ್ನು ಡಿಸ್ಕ್ ಆಗುವವರೆಗೆ ಕತ್ತರಿಸುವ ಗೆರೆಗಳನ್ನು ಆರಿಸಿ. ಪ್ರತಿ ಗೆರೆಯನ್ನೂ ಚೂರು ಸರಿಸಿ. ಗೆರೆಯೂ ಅದರ ಸರಿಸಿದ ನಕಲೂ ಪುಟದ ಮೇಲೆ ಕೂಡುವ ಬಿಂದುಗಳನ್ನು ಒಟ್ಟಿಗೆ ತೆಗೆದುಕೊಂಡರೆ ಬೇಕಾದ ಸೈಕಲ್, ಅಂದರೆ ಆ ಅಂಶವನ್ನು ಪ್ರತಿನಿಧಿಸುವ ಬಿಂದುಗಳ ಜೋಡಣೆ, ಕೈಗೆ ಬಂತು.

ಉಳಿದ ಪ್ರಶ್ನೆ ಒಂದೇ. ಆ ಸೈಕಲ್ ಮತ್ತೇನಾದರೊಂದರ ಬೌಂಡರಿಯೇ? ಹೌದಾದರೆ ಅಂಶ ಸೊನ್ನೆ. ಇದಕ್ಕೆ ಹೋಲೊಮಾರ್ಫಿಕ್ ಡಿಸ್ಕ್‌ಗಳನ್ನು (ಮೇಲಿನ ಡಿಸ್ಕ್ ಅಲ್ಲ, ಒಂದು ಕಠಿಣ ಸಮೀಕರಣದ ಉತ್ತರಗಳು) ಎಣಿಸಬೇಕು. ಸಾಮಾನ್ಯವಾಗಿ ಅದು ಕೈಗೆಟುಕದ ಕೆಲಸ. ಸರ್ಕಾರ್ ಮತ್ತು ವಾಂಗ್ ಒಂದು ಉಪಾಯ ಕೊಟ್ಟರು. ಗೆರೆಗಳ ಚಿತ್ರವನ್ನು ತಿದ್ದಿ, ಬೇಸ್‌ಪಾಯಿಂಟ್ (ಮೊದಲೇ ಗುರುತಿಟ್ಟ ಬಿಂದು) ಇರುವ ಭಾಗ ಬಿಟ್ಟು ಉಳಿದದ್ದೆಲ್ಲ ಎರಡು ಅಥವಾ ನಾಲ್ಕು ಮೂಲೆಯ ತುಂಡುಗಳಾಗುವಂತೆ ಮಾಡಿ. ಆಮೇಲೆ ಬರೀ ಎಣಿಕೆ. ಬೆಲೆ ಏನೆಂದರೆ, ತಿದ್ದಿದಷ್ಟೂ ಜನರೇಟರ್‌ಗಳು (ಲೆಕ್ಕಕ್ಕೆ ಸೇರುವ ಬಿಂದು ಜೋಡಣೆಗಳು) ಜಾಸ್ತಿಯಾಗುತ್ತವೆ. ಗಂಟುಗಳನ್ನು ಚೌಕಗಳ ಜಾಲರಿಯ ಮೇಲೆ ಬರೆಯುವ ಗ್ರಿಡ್ ಚಿತ್ರದಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಹತ್ತು ಸಾಲಿನ ಗ್ರಿಡ್‌ಗೆ 36,28,800 ಜನರೇಟರ್‌ಗಳು. ‘ಕಾಂಬಿನೇಟೋರಿಯಲ್’ (ಬರೀ ಎಣಿಕೆಯ) ಎಂಬ ಮಾತನ್ನು ‘ಲೆಕ್ಕ ಹಾಕಬಹುದು’ ಎಂದು ಓದುವ ರೂಢಿ ಇದೆ. ಸ್ವಲ್ಪ ಉದಾರವಾದ ಓದು ಅದು. ನಿಜಕ್ಕೂ ಕೆಲಸಕ್ಕೆ ಬಂದದ್ದು ಬೇರೆ ಜಾಣತನ: ಇಡೀ ಹೋಮಾಲಜಿ ಬಿಟ್ಟು, ಆ ಒಂದು ಸೈಕಲ್‌ನಿಂದ ಶುರುಮಾಡಿ ಬೇಕಾದಷ್ಟೇ ಹುಡುಕೋದು. 2008ರಲ್ಲಿ ಇಂಗ್, ಓಜ್ವಾತ್, ಥರ್ಸ್ಟನ್ ಹೀಗೇ ಕಂಪ್ಯೂಟರ್ ಬಳಸಿ, ಹಳೆಯ ಇನ್ವೇರಿಯಂಟ್‌ಗಳಿಗೆ ಒಂದೇ ಎಂದು ಕಂಡಿದ್ದ ಟ್ರಾನ್ಸ್‌ವರ್ಸ್ (ಎಲ್ಲ ಕಡೆ ಸಮತಲಗಳನ್ನು ದಾಟಿ ಹೋಗುವ) ಗಂಟುಗಳನ್ನು ಬೇರೆ ಬೇರೆ ಎಂದು ತೋರಿಸಿದರು.

ಲೆಕ್ಕ ಮುಗಿದು ಸೊನ್ನೆ ಬಂದರೆ? ಏನೂ ಹೇಳುವಂತಿಲ್ಲ. ಮೂರು ಆಯಾಮದ ಟೋರಸ್ (ಎದುರು ಮುಖಗಳನ್ನು ಅಂಟಿಸಿದ ಘನ) ಮೇಲೆ ಒಂದಕ್ಕಿಂತ ಒಂದು ಹೆಚ್ಚು ಸುತ್ತುವ ರಚನೆಗಳ ಸಾಲೇ ಇದೆ. ಎಲ್ಲವೂ ಟೈಟ್. ಆದರೂ ಮೊದಲನೆಯದನ್ನು ಬಿಟ್ಟು ಉಳಿದವಕ್ಕೆಲ್ಲ ಸೊನ್ನೆ. ಕಾರಣ, ಜಿರೂ ಟಾರ್ಶನ್, ಅಂದರೆ ಸಮತಲಗಳ ಆ ಹೆಚ್ಚುವರಿ ಸುತ್ತು. ಹೋಮಾಲಜಿಯ ಲೆಕ್ಕದಲ್ಲಿ ಬಳಸುವ ಗುಣಕಗಳನ್ನು ಬದಲಿಸಿದರೆ ಇಲ್ಲಿ ಸೊನ್ನೆ ತಪ್ಪುತ್ತದೆ, ಎಲ್ಲ ಕಡೆ ಅಲ್ಲ. ಸೊನ್ನೆ ಬಂದವುಗಳನ್ನೂ ಅಳೆಯಲು ಆಮೇಲೆ ‘ಸ್ಪೆಕ್ಟ್ರಲ್ ಆರ್ಡರ್’ ಬಂತು. ಅದನ್ನು ಎಲ್ಲ ಓಪನ್ ಬುಕ್‌ಗಳ, ಎಲ್ಲ ಗೆರೆ ಆಯ್ಕೆಗಳ ಮೇಲೆ ಕನಿಷ್ಠ ಬೆಲೆಯಾಗಿ ಹಿಡಿಯಬೇಕು. ಮೇಲಿನ ಮಿತಿಗೆ ಒಂದು ಚಿತ್ರ ಸಾಕು. ಕೆಳಗಿನ ಮಿತಿಗೆ ಮುಗಿಯದಷ್ಟು ಚಿತ್ರಗಳಿಗೆ ಉತ್ತರ ಕೊಡಬೇಕು.