ಸಿ ಡ್ರೈವ್ ಕೆಂಪಾದಾಗ: ಮೊದಲು ಅಳೆಯಿರಿ, ಆಮೇಲೆ ಅಳಿಸಿ

ನನ್ನ ತಮ್ಮ ವಿಜಯಪುರದಲ್ಲಿ ಬಿಸಿಎ ಓದುತ್ತಾನೆ. ಹೋದ ವಾರ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ವಿಂಡೋಸ್ ಇರುವ ಸಿ ಡ್ರೈವ್ ತುಂಬಿ, ಅದರ ಪಟ್ಟಿ ಕೆಂಪಾಗಿತ್ತು. "ಅಣ್ಣಾ, ಅಕ್ಕನ ಮದುವಿ ಫೋಟೋ ಎಲ್ಲಾ ಪೆನ್‌ಡ್ರೈವಿಗೆ ಹಾಕಿ ಡಿಲೀಟ್ ಮಾಡೇನಿ. ಆದ್ರೂ ಜಾಗ ಆಗವಲ್ದು!"

ರಿಸೈಕಲ್ ಬಿನ್ ತೆರೆದರೆ ಮದುವೆ ಪೂರ್ತಿ ಅಲ್ಲೇ ಕೂತಿತ್ತು. ಡಿಲೀಟ್ ಒತ್ತಿದ ಫೈಲ್ ಬಿನ್‌ಗೆ ಸರಿಯುತ್ತದೆ ಅಷ್ಟೇ. ಬಿನ್ ಖಾಲಿ ಮಾಡಿದರೇನೇ ಜಾಗ ಸಿಗುವುದು. ಅದಕ್ಕೂ ಮೊದಲು ಪೆನ್‌ಡ್ರೈವ್‌ನಲ್ಲಿ ಫೋಟೋ ತೆರೆಯುತ್ತವಾ ಅಂತ ನೋಡಿಕೊಂಡೆವು. ಅಕ್ಕನ ಕೈಲಿ ಬೈಸಿಕೊಳ್ಳೋದು ಯಾರು?

ಅವನ ಇನ್ನೊಂದು ದೂರು: 256 ಜಿಬಿ ಅಂತ ಕೊಂಡದ್ದು, ತೋರಿಸೋದು 238. ಇದರಲ್ಲಿ ಮೋಸವಿಲ್ಲ. ತಯಾರಕರು 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. 256 ಶತಕೋಟಿ ಬೈಟನ್ನು 1024ರಿಂದ ಮೂರು ಸಲ ಭಾಗಿಸಿ ನೋಡಿ, 238 ಬರುತ್ತದೆ.

ಈಗ ಮುಖ್ಯ ಕೆಲಸ. ಸುಮ್ನೆ ಸಿಕ್ಕಿದ್ದೆಲ್ಲ ಅಳಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್ ತೆರೆಯಿರಿ. ಯಾವುದು ಎಷ್ಟು ಜಾಗ ತಿಂದಿದೆ ಅಂತ ಅಲ್ಲಿ ಕಾಣುತ್ತದೆ. ತಮ್ಮನ ಡೌನ್‌ಲೋಡ್ಸ್ ಫೋಲ್ಡರನ್ನು ಸೈಜ್ ಪ್ರಕಾರ ಜೋಡಿಸಿದೆವು. ಡಿಬಿಎಂಎಸ್ (ಡೇಟಾಬೇಸ್) ಪಾಠದ ವಿಡಿಯೋ ಒಂದು, ಅದರ ಕೆಳಗೆ ಅದೇ ಹೆಸರಿಗೆ ಬ್ರಾಕೆಟ್‌ನಲ್ಲಿ 1, ಮತ್ತೆ ಬ್ರಾಕೆಟ್‌ನಲ್ಲಿ 2. ಇಳಿಸಿದ್ದು ಮರೆತು ಮತ್ತೆ ಮತ್ತೆ ಇಳಿಸಿದ್ದಾನೆ. ಗೋಳಗುಮ್ಮಟದೊಳಗೆ ಕೂಗಿದ ಹಾಗೆ, ಒಂದೇ ಪಾಠ ತಿರುಗಿ ತಿರುಗಿ! ಇಂಥ ನಕಲುಗಳನ್ನು ತೆಗೆದದ್ದಕ್ಕೇ 19 ಜಿಬಿ ಸಿಕ್ಕಿತು.

ಟೆಂಪರರಿ ಫೈಲ್ಸ್ (ತಾತ್ಕಾಲಿಕ ಫೈಲ್‌ಗಳು) ಕೂಡ ಅದೇ ಸ್ಟೋರೇಜ್ ಪುಟದಲ್ಲಿದೆ. ಟಿಕ್ ಹಾಕುವಾಗ ಡೌನ್‌ಲೋಡ್ಸ್‌ಗೂ ಟಿಕ್ ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ನೋಟ್ಸ್ ಎಲ್ಲ ಹೋದಂತೆ. ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದ್ದರೆ ಹಳೆಯದರ ಪ್ರತಿಯೂ ಅಲ್ಲಿ ಕಾಣಬಹುದು. ಹಿಂದಕ್ಕೆ ಹೋಗುವ ಯೋಚನೆ ಇಲ್ಲ ಅಂದರೆ ತೆಗೆಯಿರಿ. ಹೇಗಿದ್ದರೂ ಸಾಮಾನ್ಯವಾಗಿ 10 ದಿನದ ಮೇಲೆ ಅದು ತಾನಾಗೇ ಹೋಗುತ್ತದೆ. ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ (WinSxS) ಅನ್ನೋ ಫೋಲ್ಡರ್ ಮಾತ್ರ ಕೈಯಾರೆ ಮುಟ್ಟಲೇಬೇಡಿ. ನೋಡೋಕೆ ದೊಡ್ಡದು, ಆದರೆ ಅದರಲ್ಲಿನ ಎಷ್ಟೋ ಫೈಲ್‌ಗಳು ಬೇರೆ ಕಡೆ ಬಳಕೆಯಲ್ಲಿರುವವೇ. ಅಳಿಸಿದರೆ ಸಿಸ್ಟಮ್ ಏಳದೇ ಹೋಗಬಹುದು.

ಕೊನೆಗೆ ಉಳಿದದ್ದು ಹೈಬರ್ನೇಷನ್ ಫೈಲ್. ಹೈಬರ್ನೇಟ್ ಅಂದರೆ ತೆರೆದಿಟ್ಟ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಲ್ಯಾಪ್‌ಟಾಪ್ ಆರಿಸೋದು. ಇದು ಮರೆಯಲ್ಲಿರುತ್ತದೆ, ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು ಗಾತ್ರ. 8 ಜಿಬಿ ರ‍್ಯಾಮ್ ಇದ್ದರೆ ಸುಮಾರು 3.2 ಜಿಬಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇದನ್ನು ನಿಲ್ಲಿಸಬಹುದು, ಆಗ ಲ್ಯಾಪ್‌ಟಾಪನ್ನು ಬೇಗ ಶುರು ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ತಮ್ಮನಿಗೆ ಇದು ಬೇಡ ಅಂದೆ. ಅವನ ಬ್ಯಾಟರಿ ಹಳೆಯದು, ಹಾಸ್ಟೆಲ್‌ನಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಹೈಬರ್ನೇಟ್ ಮಾಡಿಟ್ಟರೆ ಬ್ಯಾಟರಿ ಪೂರ್ತಿ ಇಳಿದರೂ ತೆರೆದಿಟ್ಟ ಕೆಲಸ ಹಾಗೇ ಇರುತ್ತದೆ. "ಆ 3 ಜಿಬಿ ಇರ್ಲಿ ಬಿಡಣ್ಣ" ಅಂತ ಅವನೂ ಲ್ಯಾಪ್‌ಟಾಪ್ ಮುಚ್ಚಿದ.