ಪ್ಯಾರಾ ಕ್ರೀಡೆಯಲ್ಲಿ ಭಾರತ ತಂಡ ಸೇರುವುದು ಹೇಗೆ, ಖರ್ಚು ಯಾರದು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ಪಿಯುಸಿ ಓದುತ್ತಿದ್ದಾನೆ. ಜಾವೆಲಿನ್ ಚೆನ್ನಾಗಿ ಎಸೆಯುತ್ತಾನೆ, ಕಾಲೇಜಿನ ಉಳಿದ ಹುಡುಗರ ಜೊತೆಯೇ ನಿಂತು ಗೆದ್ದಿದ್ದಾನೆ. ಅಂಗವಿಕಲರ ಭಾರತ ತಂಡಕ್ಕೆ ಯಾರು ಆರಿಸುತ್ತಾರೆ? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಅಂಗವಿಕಲತೆ ಸರ್ಟಿಫಿಕೇಟ್ ಸಾಕಾ? ಖರ್ಚು ಸರ್ಕಾರದ್ದಾ?

ಉತ್ತರ: ಮೊದಲು ಸರ್ಟಿಫಿಕೇಟ್ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ. ಮೆಗ್ಗಾನ್‌ನಲ್ಲಿ ಕೊಟ್ಟ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಎರಡೂ ಇಟ್ಟುಕೊಳ್ಳಿ, ಹೋದಲ್ಲೆಲ್ಲ ಕೇಳುತ್ತಾರೆ. ಆದರೆ ಅದರಲ್ಲಿ ಬರೆದಿರುವ ಶೇಕಡಾ ಲೆಕ್ಕ ಬಸ್ ಪಾಸಿಗೆ, ಮೀಸಲಾತಿಗೆ ಮಾತ್ರ. ಮೈದಾನದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಬೇಕಾಗುವುದು ಕ್ಲಾಸಿಫಿಕೇಶನ್. ಅಂದರೆ ಈ ಊನ ಈ ಆಟಕ್ಕೆ ಎಷ್ಟು ಅಡ್ಡ ಬರುತ್ತದೆ ಅಂತ ತರಬೇತಿ ಪಡೆದ ಪರಿಣತರು ಕೈಕಾಲು ಅಳೆದು, ಬಲ ನೋಡಿ, ಆಟವನ್ನೂ ನೋಡಿ ಒಂದು ವರ್ಗಕ್ಕೆ ಹಾಕುತ್ತಾರೆ.

ಅಥ್ಲೆಟಿಕ್ಸ್‌ನಲ್ಲಿ ಓಟ, ಜಿಗಿತಕ್ಕೆ 'ಟಿ', ಎಸೆತಕ್ಕೆ 'ಎಫ್'. ಪಕ್ಕದ ಅಂಕಿ ಊನದ ಬಗೆ ಹೇಳುತ್ತದೆ. 11ರಿಂದ 13 ದೃಷ್ಟಿದೋಷ, 20 ಬೌದ್ಧಿಕ ಊನ, 31ರಿಂದ 38 ಸೆರೆಬ್ರಲ್ ಪಾಲ್ಸಿಯಂಥವು, 40 ಮತ್ತು 41 ತುಂಬಾ ಕುಳ್ಳಗಿರುವವರು. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ತಮ್ಮ ಎಫ್ 46ಕ್ಕೆ, ಅಂದರೆ ಒಂದು ಕೈಯ ಊನ ಇರುವ ಎಸೆತಗಾರರ ವರ್ಗಕ್ಕೆ, ಬರುವ ಸಾಧ್ಯತೆ ಜಾಸ್ತಿ. ಬ್ಯಾಡ್ಮಿಂಟನ್‌ನಲ್ಲಿ ಲೆಕ್ಕವೇ ಬೇರೆ. ಶಿವಮೊಗ್ಗದಲ್ಲಿ ಓದಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ (ಅಂಗವಿಕಲರ ಒಲಿಂಪಿಕ್ಸ್) ಬೆಳ್ಳಿ ಗೆದ್ದಿದ್ದು ಎಸ್‌ಎಲ್ 4 ವರ್ಗದಲ್ಲಿ. ಅವರು ಪೂರ್ತಿ ಕೋರ್ಟಿನಲ್ಲಿ ಆಡುತ್ತಾರೆ. ಕಾಲಿನ ಊನ ಇನ್ನೂ ಹೆಚ್ಚಿರುವ ಎಸ್‌ಎಲ್ 3ರವರ ಸಿಂಗಲ್ಸ್ ಆಟ ಅರ್ಧ ಕೋರ್ಟಿನಲ್ಲಿ.

ಈ ವರ್ಗ ಎಷ್ಟು ಮುಖ್ಯ ಅಂದರೆ, ಗೆದ್ದ ಪದಕವನ್ನೂ ಕಿತ್ತುಕೊಳ್ಳುತ್ತದೆ. ಟೋಕಿಯೊದಲ್ಲಿ ವಿನೋದ್ ಕುಮಾರ್ ಡಿಸ್ಕಸ್ ಎಸೆದು ಕಂಚು ಗೆದ್ದರು. ಬೇರೆ ದೇಶದವರು ವರ್ಗದ ಬಗ್ಗೆ ತಕರಾರು ತೆಗೆದರು. ಮತ್ತೆ ಪರೀಕ್ಷೆ ಮಾಡಿ, ಅವರು ಆ ವರ್ಗಕ್ಕೆ ಸೇರುವುದಿಲ್ಲ ಅಂದರು. ಕಂಚು ಹೋಯಿತು. ಅದಕ್ಕೇ ಹೇಳುವುದು: ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸಿಗುವ ವರ್ಗ ತಾತ್ಕಾಲಿಕ. ಅಂತರರಾಷ್ಟ್ರೀಯ ಕೂಟದಲ್ಲಿ ಪರೀಕ್ಷೆ ಆಗುವ ತನಕ ಅದನ್ನು ನೆಚ್ಚಿ ಕೂರಬೇಡಿ.

ಇನ್ನೊಂದು ತೊಡಕಿದೆ. ವರ್ಗ ಸಿಕ್ಕಿತು, ಚೆನ್ನಾಗಿ ಎಸೆಯುತ್ತಾನೆ, ಆದರೂ ಆ ವರ್ಗದ ಸ್ಪರ್ಧೆ ಆ ಸಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಇರದೆ ಹೋಗಬಹುದು. ದೇವೇಂದ್ರ ಝಝಾರಿಯಾ 2004ರಲ್ಲಿ ಅಥೆನ್ಸ್‌ನಲ್ಲಿ ಜಾವೆಲಿನ್ ಚಿನ್ನ ಗೆದ್ದರು. 2008ರಲ್ಲೂ 2012ರಲ್ಲೂ ಅವರ ವರ್ಗದ ಜಾವೆಲಿನ್ ಪಟ್ಟಿಯಲ್ಲೇ ಇರಲಿಲ್ಲ. ಮತ್ತೆ ಚಿನ್ನ ಗೆಲ್ಲಲು 2016ರ ರಿಯೊ ತನಕ ಕಾಯಬೇಕಾಯಿತು. ಹನ್ನೆರಡು ವರ್ಷ ಒಬ್ಬ ಎಸೆತಗಾರ ತೋಳು ಕಾಪಾಡಿಕೊಂಡು ಕೂರುವುದು ಸುಮ್ನೆ ಅಲ್ಲ. ಇವರೂ ಎಫ್ 46ರವರೇ, ಎಡಗೈ ಇಲ್ಲದವರು.

ಈಗ ಆಯ್ಕೆ. ತಂಡ ಕಳಿಸುವ ಅಧಿಕಾರ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯದು. 2024ರಿಂದ ಅದರ ಅಧ್ಯಕ್ಷರು ಇದೇ ಝಝಾರಿಯಾ. ಅದರ ಕೆಳಗೆ ರಾಜ್ಯ ಸಂಸ್ಥೆಗಳು. ದಾರಿ ರಾಜ್ಯ ಕೂಟದಿಂದ ಶುರುವಾಗಿ ರಾಷ್ಟ್ರೀಯ ಕೂಟಕ್ಕೆ ಹೋಗುತ್ತದೆ. ಅಲ್ಲಿ ಗಮನ ಸೆಳೆದವರು ಶಿಬಿರಕ್ಕೆ, ಆಮೇಲೆ ಹೊರದೇಶದ ಕೂಟಗಳಿಗೆ. ಪ್ಯಾರಾಲಿಂಪಿಕ್ಸ್‌ಗೆ ನಿಗದಿಯಾದ ಕನಿಷ್ಠ ದೂರ ಎಸೆದಿರಲೇಬೇಕು. ಅಷ್ಟಾದರೂ ಸೀಟು ಖಾತ್ರಿಯಿಲ್ಲ, ಏಕೆಂದರೆ ಅಥ್ಲೆಟಿಕ್ಸ್‌ನಲ್ಲಿ ಸೀಟು ದೇಶಕ್ಕೆ ಸಿಗುತ್ತದೆ, ಆಟಗಾರನ ಹೆಸರಿಗಲ್ಲ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು. ಎಫ್ 46 ಜಾವೆಲಿನ್‌ನಲ್ಲಿ ಭಾರತದ ಮೂರೂ ಸೀಟು ಪ್ಯಾರಿಸ್‌ನಲ್ಲಿ ಭರ್ತಿಯಾಗಿದ್ದವು. ಅಜೀತ್ ಸಿಂಗ್ 65.62 ಮೀಟರ್‌ಗೆ ಬೆಳ್ಳಿ, ಸುಂದರ್ ಸಿಂಗ್ ಗುರ್ಜರ್ 64.96ಕ್ಕೆ ಕಂಚು. ನಿಮ್ಮ ತಮ್ಮ ಗಂಡಸರ 800 ಗ್ರಾಂ ಜಾವೆಲಿನ್ ಹಿಡಿದು ಎಷ್ಟು ದೂರ ಎಸೆಯುತ್ತಾನೆ ಅಂತ ಟೇಪ್ ಹಿಡಿದು ಅಳೆಯಿರಿ. ಕಾಲೇಜಿನಲ್ಲಿ ಗೆದ್ದದ್ದಕ್ಕಿಂತ ಆ ಅಂಕಿಯೇ ಜಾಸ್ತಿ ಹೇಳುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ನನಗೆ ಸಿಟ್ಟು ಬರುವುದು ಇಲ್ಲೇ. ತಂಡಕ್ಕೆ ಆಯ್ಕೆಯಾದ ಮೇಲೆ ಶಿಬಿರ, ವಿಮಾನ, ಊಟ, ವಸತಿಗೆ ಕೇಂದ್ರ ಕ್ರೀಡಾ ಸಚಿವಾಲಯದ ಹಣ ಬರುತ್ತದೆ. ಪದಕದ ಹತ್ತಿರ ಇರುವವರನ್ನು 2014ರಲ್ಲಿ ಶುರುವಾದ ಟಾಪ್ಸ್ ಯೋಜನೆಗೆ ಸೇರಿಸುತ್ತಾರೆ. ಅದರ ಮುಖ್ಯ ಪಟ್ಟಿಯವರಿಗೆ ತಿಂಗಳಿಗೆ 50,000 ರೂಪಾಯಿ ಕೈಖರ್ಚು, ಜೊತೆಗೆ ತರಬೇತಿ, ಸಲಕರಣೆ. ಪ್ಯಾರಿಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದವರಿಗೆ ಕೇಂದ್ರ 75 ಲಕ್ಷ ಕೊಟ್ಟಿತು. ಒಳ್ಳೆಯದೇ. ಆದರೆ ಮೊದಲ ಮೂರ್ನಾಲ್ಕು ವರ್ಷದ ಜಾವೆಲಿನ್, ಶೂ, ರೈಲು ಚಾರ್ಜು, ಕೋಚ್‌ಗೆ ಕೊಡುವ ದುಡ್ಡು? ಅದು ಬಹುಪಾಲು ಮನೆಯವರದ್ದೇ. ನಡುವೆ ಸಿಗಬಹುದಾದ ಒಂದು ಆಸರೆ ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾ. 2023ರ ಡಿಸೆಂಬರ್‌ನಲ್ಲಿ ಅದರ ಮೊದಲ ಪ್ಯಾರಾ ಕೂಟ ದೆಹಲಿಯಲ್ಲಿ ನಡೆಯಿತು. ಆ ಹೆಸರಿನ ಕೂಟಕ್ಕೆ ಅರ್ಹತೆ ಪಡೆಯುವುದನ್ನೇ ಮೊದಲ ಗುರಿ ಮಾಡಿಕೊಳ್ಳಿ ಅನ್ನುತ್ತೇನೆ.

ಮಲೆನಾಡಿನವರಿಗೆ ಇನ್ನೊಂದು ಖರ್ಚಿದೆ, ಯಾವ ಯೋಜನೆಯ ಲೆಕ್ಕಕ್ಕೂ ಬಾರದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಶಾಲಾ ಮೈದಾನಗಳಲ್ಲಿ ಓಡಿ ಬಂದು ಎಸೆಯುವ ಹಾಗಿಲ್ಲ. ಜಾರಿ ಮಂಡಿ ತಿರುಚಿತು ಅಂದರೆ ವರ್ಷವೇ ಹೋಯಿತು. ಮಳೆ ಬಿಟ್ಟ ಮೇಲೆ ಅಡಿಕೆ ಕೊನೆಕೊಯ್ಲು, ಮನೆಯಲ್ಲಿ ಜನ ಬೇಕು. 2025ರ ರಾಷ್ಟ್ರೀಯ ಕೂಟ ಚೆನ್ನೈಯಲ್ಲಿ ನಡೆದದ್ದು ಫೆಬ್ರವರಿಯಲ್ಲಿ. ತಯಾರಿಗೆ ಬೇಕಾದ ತಿಂಗಳುಗಳೇ ನಮ್ಮಲ್ಲಿ ಕೈಬಿಟ್ಟು ಹೋಗುತ್ತವೆ. ಮಳೆಗಾಲವನ್ನು ಜಿಮ್‌ಗೆ, ಭುಜ ಸೊಂಟದ ಬಲಕ್ಕೆ ಮೀಸಲಿಡಿ. ಕೊಯ್ಲಿನ ಹೊತ್ತಿಗೆ ಅವನನ್ನು ತೋಟಕ್ಕೆ ಕರೆಯಬೇಡಿ ಅಂತ ಅಪ್ಪನಿಗೆ ಈಗಲೇ ಹೇಳಿಡಿ.

ತಂಡ ಅಂದರೆ ಆಟಗಾರರಷ್ಟೇ ಅಲ್ಲ ಅನ್ನುವುದೂ ನೆನಪಿರಲಿ. ಪ್ಯಾರಿಸ್‌ಗೆ ಹೋದ ಭಾರತದ ಕ್ರೀಡಾಪಟುಗಳು 84, ಜೊತೆಗೆ ಹೋದವರು 95. ಕೋಚ್‌ಗಳು, ವೈದ್ಯರು, ಸಹಾಯಕರು. ಇದು ಜಾಸ್ತಿ ಆಯಿತು ಅನ್ನುವವರಿದ್ದಾರೆ. ಅವರು ಮೂಡಿಗೆರೆ ತಾಲೂಕಿನ ರಕ್ಷಿತಾ ರಾಜು ಓಡುವುದನ್ನು ನೋಡಬೇಕು. ಕಣ್ಣು ಕಾಣದ ರಕ್ಷಿತಾ 2018ರಲ್ಲಿ ಜಕಾರ್ತಾದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಚಿನ್ನ ಗೆದ್ದರು, ಪ್ಯಾರಿಸ್‌ನಲ್ಲೂ ಓಡಿದರು. ಟಿ 11 ವರ್ಗದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ, ಸಣ್ಣ ಹಗ್ಗ ಹಿಡಿದ ಗೈಡ್ ಜೊತೆಯೇ ಓಡಬೇಕು. ಗೈಡ್‌ಗೂ ಅಷ್ಟೇ ವೇಗ ಬೇಕು, ಆದರೆ ಗೆರೆಯನ್ನು ಅವರು ಮೊದಲು ದಾಟುವಂತಿಲ್ಲ. ಅಂಥವರನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಳ್ಳಲು ದುಡ್ಡು ಬೇಡವಾ?

ಕಿವಿ ಕೇಳದವರಿಗೆ ಈ ದಾರಿ ಇಲ್ಲ, ಅವರಿಗೆ ಡೆಫ್ಲಿಂಪಿಕ್ಸ್ ಬೇರೆ. ಅಂಧರ ಕ್ರಿಕೆಟ್ ಕೂಡ ಬೇರೆಯೇ ಸಂಸ್ಥೆಯದು, ಅದರ ಕಚೇರಿ ಬೆಂಗಳೂರಿನಲ್ಲಿದೆ.

ನೀವು ಈ ವಾರ ಮಾಡಬಹುದಾದದ್ದು ಇಷ್ಟು. ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ತಮ್ಮನನ್ನು ಕರೆದುಕೊಂಡು ಹೋಗಿ, ಅಲ್ಲಿನ ಅಥ್ಲೆಟಿಕ್ಸ್ ಕೋಚ್ ಮುಂದೆ ಎಸೆಯಲು ಹೇಳಿ. ಮುಂದಿನ ರಾಜ್ಯ ಪ್ಯಾರಾ ಕೂಟ ಯಾವಾಗ, ಅಲ್ಲಿ ಕ್ಲಾಸಿಫಿಕೇಶನ್ ಯಾವ ದಿನ ಅಂತ ಕೇಳಿ ಬರೆದುಕೊಳ್ಳಿ. ಆ ದಿನ ಸಾಮಾನ್ಯವಾಗಿ ಸ್ಪರ್ಧೆಗಿಂತ ಮೊದಲೇ ಇರುತ್ತದೆ, ಹಾಗಾಗಿ ಒಂದೆರಡು ರಾತ್ರಿ ಉಳಿಯುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.